ತಲೆ ಎತ್ತೋ ಸಾರ್

ಬೆಂಗಳೂರಿನ ಹಳೆಯ ಬಡಾವಣೆಗಳಲ್ಲಿ ಪಾರ್ಕಿನ ಪಕ್ಕ ಸಿಮೆಂಟ್ ಬ್ಯಾಸ್ಕೆಟ್‌ಬಾಲ್ ಕೋರ್ಟಿದ್ದರೆ ಬೆಳಿಗ್ಗೆ ಆರಕ್ಕೆ ಅಲ್ಲಿ ಒಬ್ಬ ಕೋಚ್ ಇರುತ್ತಾರೆ. ಕೊರಳಲ್ಲಿ ಸೀಟಿ, ಒಂದು ಮೊಣಕಾಲಿಗೆ ನೀ ಕ್ಯಾಪ್, ಬೆನ್ನ ಮೇಲೆ ಬ್ಯಾಂಕಿನ ಹೆಸರು ಅರ್ಧ ಅಳಿಸಿದ ಜೆರ್ಸಿ. ಸ್ಪೋರ್ಟ್ಸ್ ಕೋಟಾದಲ್ಲಿ ಕೆಲಸಕ್ಕೆ ಸೇರಿ ಕ್ಯಾಶ್ ಕೌಂಟರಿನಲ್ಲಿ ರಿಟೈರ್ ಆದವರು. ಮಕ್ಕಳಿಗೆ ಇವರ ಹೆಸರು ಗೊತ್ತಿಲ್ಲ, ‘ತಲೆ ಎತ್ತೋ ಸಾರ್’ ಎಂದರೆ ಸಾಕು.

ತಲೆ ತಗ್ಗಿಸಿ ನಡೆಯುವವರೇ ಒಳ್ಳೆಯ ಮಕ್ಕಳು ಎನ್ನುವ ಊರಿನಲ್ಲಿ, ತಗ್ಗಿಸಿದ್ದಕ್ಕೆ ಬೈಯುವವರು ಇವರೊಬ್ಬರೇ. ಮಗು ಚೆಂಡು ನೋಡುತ್ತಾ ಡ್ರಿಬಲ್ ಮಾಡುವಾಗ ಎದುರು ನಿಂತು ಬೆರಳು ಎತ್ತುತ್ತಾರೆ. “ಎಷ್ಟೋ?” ಕತ್ತೆತ್ತದೆ “ಮೂರು” ಎಂದು ಅಂದಾಜು ಹೊಡೆದವನಿಗೆ ಕೋರ್ಟಿಗೆ ಒಂದು ಸುತ್ತು ಓಟ.

“ಹೊಡೀಬೇಡ್ವೋ, ಅದೇನು ನಿನ್ನ ತಮ್ಮನಾ? ಬೆರಳಲ್ಲಿ ತಳ್ಳು, ಸೊಂಟದ ಮೇಲೆ ಬರಬಾರದು.” ಸ್ವಲ್ಪ ಹೊತ್ತಾದ ಮೇಲೆ ತಪಾಸಣೆ. ಎಲ್ಲರೂ ಕೈ ಚಾಚಬೇಕು. ಬೆರಳಿಗೆಲ್ಲ ಧೂಳು ಮೆತ್ತಿ ಅಂಗೈ ನಡುಭಾಗ ಚೊಕ್ಕಟವಾಗಿದ್ದರೆ ಪಾಸು. ಹಸ್ತ ನೋಡುವ ಜ್ಯೋತಿಷಿಗೂ ಅಷ್ಟು ಗಾಂಭೀರ್ಯ ಇರಲಾರದು. ಆಮೇಲೆ ಬಲಗೈ ಚಡ್ಡಿ ಜೇಬಿಗೆ. “ಎಡಗೈ ಊಟಕ್ಕೆ ಬೇಡ, ಇಲ್ಲಿ ಬೇಕು.” ಯೂಟ್ಯೂಬಿನಲ್ಲಿ ಬ್ಯಾಸ್ಕೆಟ್‌ಬಾಲ್ ತಾರೆ ಸ್ಟೀಫನ್ ಕರಿಯನ್ನು ನೋಡಿ ಬಂದ ಹುಡುಗ ಕಾಲ ಸಂದಿಯಲ್ಲಿ ಚೆಂಡು ತೂರಿಸಲು ಹೋಗಿ, ಅದು ಮೊಣಕಾಲಿಗೆ ಬಡಿದು, ಪ್ರಾಣಾಯಾಮಕ್ಕೆ ಕೂತ ಹಿರಿಯರ ಧ್ಯಾನ ಕೆಡಿಸುತ್ತದೆ. ಸಾರ್ ಇಬ್ಬರನ್ನೂ ಸಮಾಧಾನಪಡಿಸಬೇಕು.

ಮಕ್ಕಳನ್ನು ಹೇಗೋ ನಿಭಾಯಿಸುತ್ತಾರೆ, ಸೋಲುವುದು ಅಪ್ಪ ಅಮ್ಮಂದಿರ ಮುಂದೆ. ಎಂಟು ವರ್ಷದವನಿಗೆ ಐದನೇ ನಂಬರ್ ಚೆಂಡು ತನ್ನಿ ಎಂದರೆ ಅಪ್ಪ ತರುವುದು ದೊಡ್ಡವರಾಡುವ ಏಳನೇ ನಂಬರ್. “ಬೆಳೆಯೋ ಹುಡುಗ ಸಾರ್, ಮುಂದಕ್ಕೂ ಆಗುತ್ತೆ.” ಯೂನಿಫಾರ್ಮ್ ಹೊಲಿಸಿದ ಲೆಕ್ಕವೇ ಇದಕ್ಕೂ. ಅಮ್ಮನಿಗೆ ಬರೀ ತಟ್ಟಿಸುವುದನ್ನು ನೋಡಿ ಬೇಸರ: “ಬ್ಯಾಸ್ಕೆಟ್ ಯಾವಾಗ ಸಾರ್?” ಸಾರ್ ಇತಿಹಾಸ ಬಿಚ್ಚುತ್ತಾರೆ. 1891ರಲ್ಲಿ ಅಮೆರಿಕದ ಸ್ಪ್ರಿಂಗ್‌ಫೀಲ್ಡಿನಲ್ಲಿ ಜೇಮ್ಸ್ ನೈಸ್ಮಿತ್ ಈ ಆಟ ಶುರುಮಾಡಿದಾಗ ನಿಯಮಗಳಲ್ಲಿ ಡ್ರಿಬಲ್ ಇರಲೇ ಇಲ್ಲ. ಚೆಂಡು ಹಿಡಿದಲ್ಲಿಂದಲೇ ಎಸೆಯಬೇಕಿತ್ತು. ಚೆಂಡು ತಟ್ಟುತ್ತಾ ಓಡುವುದು ಬಂದ ಮೇಲೇ ಆಟಕ್ಕೆ ಕಳೆ ಬಂತು ಎನ್ನುವಷ್ಟರಲ್ಲಿ ಅಮ್ಮ, “ಹಾಗಾದ್ರೆ ಹಳೇ ಸಿಲಬಸ್ಸೇ ಹೇಳಿಕೊಡಿ ಸಾರ್, ಬೇಗ ಮುಗಿಯುತ್ತೆ” ಎನ್ನುತ್ತಾರೆ.

ಕೊನೆಯ ಪ್ರಶ್ನೆ ಎಲ್ಲರದೂ ಒಂದೇ: “ಹೈಟ್ ಬರುತ್ತಲ್ಲಾ ಸಾರ್?” ಸಾರ್ ಅಪ್ಪನನ್ನೊಮ್ಮೆ, ಅಮ್ಮನನ್ನೊಮ್ಮೆ ಅಡಿಯಿಂದ ಮುಡಿಯವರೆಗೆ ಅಳೆದು, ಏನೂ ಹೇಳದೆ ಸೀಟಿ ಊದುತ್ತಾರೆ.

ಆದ್ದರಿಂದ ಪೋಷಕರಲ್ಲಿ ವಿನಂತಿ: ಎತ್ತರ ಬೇಕಿದ್ದರೆ ವಂಶವೃಕ್ಷ ನೋಡಿಕೊಳ್ಳಿ. ಡ್ರಿಬಲ್ ಬೇಕಿದ್ದರೆ ಮಗುವಿನ ಕೈಗೆ ಐದನೇ ನಂಬರ್ ಚೆಂಡು ಕೊಟ್ಟು ಆರಕ್ಕೆ ಕಳಿಸಿ, ನೀವು ಮನೆಯಲ್ಲೇ ಇರಿ.