ಪಾಕ ಬಂದ ಗಳಿಗೆ

ಬ್ಯಾಸ್ಕೆಟ್‌ಬಾಲ್ ಆಟದಲ್ಲಿ ಚೆಂಡನ್ನು ನೆಲಕ್ಕೆ ಪುಟಿಸುತ್ತ ಸಾಗುವುದಕ್ಕೆ ಡ್ರಿಬ್ಲಿಂಗ್ ಎಂದು ಹೆಸರು. 1891ರಲ್ಲಿ ಅಮೆರಿಕದ ಸ್ಪ್ರಿಂಗ್‌ಫೀಲ್ಡ್‌ನಲ್ಲಿ ಜೇಮ್ಸ್ ನೈಸ್ಮಿತ್ ಬರೆದ 13 ನಿಯಮಗಳಲ್ಲಿ ಇದರ ಪ್ರಸ್ತಾಪವೇ ಇರಲಿಲ್ಲವಾದ್ದರಿಂದ, ಅಂದಿನ ತೀರ್ಪುಗಾರನು ಇಂದಿನವನಿಗಿಂತ ನೆಮ್ಮದಿಯಾಗಿ ಉಂಡು ಮಲಗಿರಬೇಕು.

ಈಗಿನ ಅಂತರರಾಷ್ಟ್ರೀಯ ನಿಯಮದಂತೆ ಚೆಂಡು ಎರಡೂ ಕೈಗಳಿಗೆ ಏಕಕಾಲಕ್ಕೆ ತಾಗಿದರೆ, ಅಥವಾ ಒಂದೇ ಕೈಯಲ್ಲಾದರೂ ತಂಗಿದರೆ, ಡ್ರಿಬ್ಲಿಂಗ್ ಮುಗಿಯಿತು. ಆಮೇಲೆ ಮತ್ತೆ ಪುಟಿಸಿದರೆ ಅದು ಡಬಲ್ ಡ್ರಿಬಲ್ ಎಂಬ ತಪ್ಪು. ಒಂದು ಕೈಗೆ ತಾಗಿದ ಚೆಂಡು ಯಾವಾಗ ತಂಗಿದ ಚೆಂಡಾಗುತ್ತದೆ ಎಂಬ ಜಿಜ್ಞಾಸೆ ಅಮೀನಗಡಕ್ಕೆ ಹೊಸದಲ್ಲ. ಕರಿದ ಅಂಟೇ ಕರದಂಟೆಂಬ ಸಿಹಿತಿಂಡಿಯಾದ ಈ ಊರಿನಲ್ಲಿ, ಬೆಲ್ಲದ ಪಾಕಕ್ಕೆ ಬಿದ್ದ ಅಂಟು, ಕೊಬ್ಬರಿ, ಗೋಡಂಬಿಗಳು ಯಾವ ಗಳಿಗೆಯಲ್ಲಿ ಬೇರೆಬೇರೆಯಾಗಿರುವುದನ್ನು ಬಿಟ್ಟು ಒಂದಾದವೆಂಬುದನ್ನು ಸೌಟು ಹಿಡಿದವನು ಕೈಯ ಭಾರದಿಂದಲೇ ಬಲ್ಲನು. ಆದರೆ ಅವನ ಬಾಣಲೆ ಒಲೆಯ ಮೇಲೆ ಕುಳಿತಿರುತ್ತದೆ. ತೀರ್ಪುಗಾರನಾದರೋ ಓಡುವ ಬಾಣಲೆಯ ಹಿಂದೆ ತಾನೂ ಓಡುತ್ತ ಪಾಕ ನೋಡಬೇಕು.

ಇಷ್ಟು ಸಾಲದೆಂಬಂತೆ, ಅಕಸ್ಮಾತ್ ಕೈಜಾರಿದ ಚೆಂಡನ್ನು ಮತ್ತೆ ಹಿಡಿದರೆ ಅದು ಡ್ರಿಬ್ಲಿಂಗ್ ಅಲ್ಲ, ಫಂಬಲ್ ಎನ್ನುತ್ತದೆ ನಿಯಮ. ಅಂದರೆ ಜಾರಿತೋ ಜಾರಿಸಿದನೋ ಎಂಬ ಮನಸ್ಸಿನ ಸಂಗತಿಯನ್ನೂ ಬೆರಳ ತುದಿಯಲ್ಲೇ ಓದಬೇಕು. ಜಾನುವಾರು ಸಂತೆಯ ದಲಾಲರು ಟವೆಲ್ಲಿನ ಮರೆಯಲ್ಲಿ ಬೆರಳು ಹಿಡಿದು ದರ ಕುದುರಿಸುವಾಗ, ಯಾರಿಗೂ ಕಾಣದ ಆ ಕೈಗಳ ವಿಷಯದಲ್ಲಿ ತಕರಾರೇ ಏಳುವುದಿಲ್ಲ. ಇಲ್ಲಿ ಊರಿಗೆಲ್ಲ ಕಾಣುವ ಕೈಯ ಬಗ್ಗೆ ಇಬ್ಬರು ಒಪ್ಪುವುದಿಲ್ಲ.

ಹೆಜ್ಜೆಯ ಲೆಕ್ಕವೂ ಇಂಥದೇ. 2017ರ ತಿದ್ದುಪಡಿಯಂತೆ, ಓಡುತ್ತಲೇ ಚೆಂಡು ಹಿಡಿದಾಗ ನೆಲದ ಮೇಲಿದ್ದ ಪಾದವನ್ನು ಎಣಿಸದೆ, ಅಲ್ಲಿಂದ ಮುಂದೆ ಎರಡು ಹೆಜ್ಜೆ ಕೊಡಬೇಕು, ಮೀರಿದರೆ ಟ್ರಾವೆಲಿಂಗ್. ಕಣದಲ್ಲಿ ಜೋಳ ಅಳೆಯುವವರು ಮೊದಲ ಅಳತೆಗೆ ‘ಒಂದು’ ಎನ್ನದೆ ‘ಲಾಭ’ ಎನ್ನುವುದುಂಟು. ಆ ಲಾಭವಾದರೂ ಲೆಕ್ಕಕ್ಕೆ ಸೇರುತ್ತದೆ, ಈ ಲಾಭ ಪೂರ್ತಿ ಆಟಗಾರನದು. ಹೊಸ ನಿಯಮ ತಿಳಿಯದ ಪ್ರೇಕ್ಷಕರು ಮಾತ್ರ ‘ಮೂರು!’ ಎಂದು ಕೂಗುತ್ತಾರೆ.

ತೀರ್ಪನ್ನು ಸನ್ನೆಯಲ್ಲಿ ತೋರಿಸಬೇಕಾಗುತ್ತದೆ. ಅಂಗೈಗಳನ್ನು ರೊಟ್ಟಿ ಬಡಿಯುವಂತೆ ಆಡಿಸಿದರೆ ಡಬಲ್ ಡ್ರಿಬಲ್, ಮುಷ್ಟಿಗಳನ್ನು ಇಳಕಲ್ಲಿನ ರಾಟೆಯಂತೆ ಒಂದರ ಸುತ್ತ ಒಂದು ತಿರುಗಿಸಿದರೆ ಟ್ರಾವೆಲಿಂಗ್; ಎರಡಕ್ಕೂ ಶಿಕ್ಷೆ ಒಂದೇ, ಚೆಂಡು ಎದುರಾಳಿಗೆ. ಆದರೂ ಸೀಟಿ ಊದಿಯಾದ ಮೇಲೆ, ಯಾವ ತಪ್ಪೆಂದು ಇನ್ನೂ ನಿಶ್ಚಯಿಸದ ತೀರ್ಪುಗಾರನ ಕೈಗಳು ಅರೆಗಳಿಗೆ ರೊಟ್ಟಿಗೂ ರಾಟೆಗೂ ನಡುವೆ ಗಾಳಿಯಲ್ಲೇ ನಿಂತಿರುತ್ತವೆ.