ರಾಮಮೂರ್ತಿ ನಗರದ ತಕ್ಕಡಿ

ಶನಿವಾರ ಸಂಜೆ ಏಳರ ಮೇಲೆ ರಾಮಮೂರ್ತಿ ನಗರ ಮೇನ್ ರೋಡಿನ ಬೇಕರಿ ಮುಂದೆ ಜರ್ಮನಿಯ ಫುಟ್‌ಬಾಲ್ ಕ್ಲಬ್ ಬಯರ್ನ್‌ನ ಕೆಂಪು ಜರ್ಸಿ ಕಂಡರೆ ಅದು ಅವನೇ. ಹುಡುಗರು ಇಟ್ಟ ಹೆಸರು ತಕ್ಕಡಿ. ಅಪ್ಪ-ಅಮ್ಮ ಇಟ್ಟ ಹೆಸರು ಬ್ಯಾಂಕಿನವರಿಗೆ ಮಾತ್ರ ಗೊತ್ತು. ಜರ್ಮನಿಯಲ್ಲಿ ಆಟ ಶುರುವಾದ ಅರ್ಧ ಗಂಟೆಗೆ ಇಂಗ್ಲೆಂಡಿನಲ್ಲೂ ಶುರುವಾಗುವುದರಿಂದ ಎರಡು ಕೈಗೆ ಎರಡು ಫೋನು. ಎಗ್ ಪಫ್ಸನ್ನು ಪಕ್ಕದವರೇ ಬಾಯಿಗಿಡಬೇಕು.

ಅವನ ಕಸುಬು ಅಕೌಂಟ್ಸ್. ಆಟಗಾರರನ್ನು ತೂಗುವುದೂ ಅದೇ ಕೈಚಳಕದಲ್ಲಿ: ಮೊದಲು ಮೊತ್ತ, ಆಮೇಲೆ ಲೆಕ್ಕ.

2023ರ ಆಗಸ್ಟ್‌ವರೆಗೆ ಹ್ಯಾರಿ ಕೇನ್ ಅವನ ಪುಸ್ತಕದಲ್ಲಿ ದಂಡಪಿಂಡ. “ಟಾಟೆನ್‌ಹ್ಯಾಮ್‌ನಲ್ಲಿ ಇಷ್ಟು ವರ್ಷ ಇದ್ದು ಒಂದು ಕಪ್ ಇಲ್ವಲ್ಲೋ ಮಗಾ!” ಕೇನ್ ಬಯರ್ನ್‌ಗೆ ಸಹಿ ಹಾಕಿದ. ಮಾರನೇ ದಿನ ನೋಡಿದರೆ ಅವತಾರ ಪುರುಷ.

ಎದುರು ಪಕ್ಷದಲ್ಲಿ ಮ್ಯಾಂಚೆಸ್ಟರ್ ಸಿಟಿಯ ತಿಳಿನೀಲಿ ಜರ್ಸಿ ತೊಟ್ಟ ಹುಡುಗ. “ಹಾಲಂಡ್ ಬಂದ ಮೊದಲ ಸೀಸನ್ನಲ್ಲೇ 36 ಗೋಲು, ಪ್ರೀಮಿಯರ್ ಲೀಗ್ ರೆಕಾರ್ಡು” ಅನ್ನುತ್ತಾನೆ. ತಕ್ಕಡಿ ಕಾದಿದ್ದು ಇದಕ್ಕೇ. ಕೇನ್ ಕೂಡ ಜರ್ಮನಿಯ ಮೊದಲ ಸೀಸನ್ನಲ್ಲಿ ಹೊಡೆದದ್ದು 36. ಹಾಲಂಡ್‌ಗೆ 35 ಪಂದ್ಯ ಬೇಕಾಯಿತು, ಕೇನ್‌ಗೆ 32. “ಮೂರು ಮ್ಯಾಚ್ ಉಳಿಸಿದ್ದೀವಿ!” ಈ ‘ಉಳಿಸಿದ್ದೀವಿ’ಯಲ್ಲಿ ತಾನೂ ಒಬ್ಬ.

“ಅಲ್ಲಿ ಡಿಫೆಂಡರ್‌ಗಳು ಬನ್ನಿ ಅಂತ ಕರೆದು ಕೂರಿಸ್ತಾರೆ” ಎಂದು ಹುಡುಗ ಕೆಣಕುತ್ತಾನೆ. “ಹಾಗಾದ್ರೆ ಗೆರ್ಡ್ ಮುಲ್ಲರ್‌ನ 40 ಗೋಲು, ಲೆವಾಂಡೋಸ್ಕಿ 2021ರಲ್ಲಿ 41 ಹೊಡೆಯೋ ತನಕ, 49 ವರ್ಷ ಯಾಕೋ ನಿಂತಿತ್ತು?” ಮುಲ್ಲರ್ ಕಾಲದಲ್ಲಿ ಇವರಿಬ್ಬರೂ ಹುಟ್ಟಿರಲಿಲ್ಲ. ಆದರೆ ತಕ್ಕಡಿಯ ಧಾಟಿ ಗೋಲ್ ಕಂಬದ ಪಕ್ಕ ನಿಂತು ಎಣಿಸಿದವನದು.

ಇಂಗ್ಲೆಂಡಿನಲ್ಲಿ ಮಿಂಚಿದವರ ಮೇಲೂ ಅವನದೇ ಹಕ್ಕು. ಡಿ ಬ್ರೂಯ್ನ ವೂಲ್ಫ್ಸ್‌ಬರ್ಗ್‌ನಿಂದ ಹೋದವನು, ಸನ್ ಲೆವರ್‌ಕೂಸನ್ನಿಂದ, ಹಾಲಂಡೇ ಡಾರ್ಟ್‌ಮುಂಡ್‌ನಿಂದ. ಸರಿ, ಅಲ್ಲಿಂದಲೇ ಹೋಗಿ ಮಂಕಾದ ಸ್ಯಾಂಚೋ? ಲೈಪ್‌ಜಿಗ್‌ನಲ್ಲಿ 28 ಗೋಲು ಹೊಡೆದು ಚೆಲ್ಸಿಯ ಮೊದಲ ಲೀಗ್ ಸೀಸನ್ನಲ್ಲಿ ಆರಕ್ಕೆ ನಿಂತ ವರ್ನರ್? ಗೆದ್ದರೆ ತವರಿನ ಸಂಸ್ಕಾರ, ಸೋತರೆ ಅತ್ತೆ ಮನೆಯ ಕಾಟ.

ನನ್ನ ಮತ ಹಾಲಂಡ್‌ಗೆ. ಅವನು 36 ಹೊಡೆದ ವರ್ಷ ಕೇನ್ ಅದೇ ಲೀಗಿನಲ್ಲೇ ಇದ್ದ, ಹೊಡೆದದ್ದು 30. ಇದನ್ನು ಬೇಕರಿ ಮುಂದೆ ಹೇಳಿದರೆ ರಾತ್ರಿ ಊಟ ತಪ್ಪುತ್ತದೆ, ಅದಕ್ಕೇ ಇಲ್ಲಿ ಬರೆದೆ.

ಕೇನ್ 36 ಹೊಡೆದ ಆ ಸೀಸನ್ನಲ್ಲಿ ಲೆವರ್‌ಕೂಸನ್ ಒಂದೂ ಪಂದ್ಯ ಸೋಲದೆ ಲೀಗ್ ಗೆದ್ದಿತು. ಬಯರ್ನ್ ಮೂರನೆಯದು. ತಕ್ಕಡಿ ಬೇಕರಿಯನ್ನೇ ಬದಲಿಸಿದ. 2025ರಲ್ಲಿ ಕೇನ್‌ಗೆ ಕೊನೆಗೂ ಲೀಗ್ ಸಿಕ್ಕಾಗ ಹಳೇ ಬೇಕರಿಗೆ ಮರಳಿ ಎಲ್ಲರಿಗೂ ದಿಲ್‌ಪಸಂದ್ ಕೊಡಿಸಿದ.

ಅವನನ್ನು ತಬ್ಬಿಬ್ಬು ಮಾಡಬಲ್ಲವರು ಒಬ್ಬರೇ: ಕೂಗಳತೆ ದೂರದ ದೂರವಾಣಿನಗರದ ಐಟಿಐನಲ್ಲಿ ದುಡಿದು ನಿವೃತ್ತರಾದ ಹಿರಿಯರು. ಕಾಫಿ ಆರಿಸಿಕೊಳ್ಳುತ್ತಾ ಕೇಳಿದರು:

“1977ರಲ್ಲಿ ಮೊದಲನೇ ಫೆಡರೇಷನ್ ಕಪ್ ಗೆದ್ದೋರು ಯಾರು, ಹೇಳಪ್ಪ.”

“ಮೋಹನ್ ಬಾಗಾನಾ ಸಾರ್?”

“ಅವರು ಫೈನಲ್‌ನಲ್ಲಿ ಸೋತೋರು. ಗೆದ್ದಿದ್ದು ನಮ್ಮ ಐಟಿಐ. ಒಂದು, ಸೊನ್ನೆ.”

ಬೆಂಗಳೂರಿನ ಟೆಲಿಫೋನ್ ಕಾರ್ಖಾನೆಯೊಂದು ಕಲ್ಕತ್ತಾದ ದೊಡ್ಡ ಕ್ಲಬ್ಬನ್ನು ಮಣಿಸಿದ ಕಥೆ ಅವನ ಎರಡೂ ಫೋನಿನಲ್ಲಿ ಬಂದಿರಲಿಲ್ಲ. ಆದರೂ ಸುಧಾರಿಸಿಕೊಂಡ.

“ಆ ಮ್ಯಾಚಿನ ಎಕ್ಸ್‌ಜಿ ಎಷ್ಟಿತ್ತು ಸಾರ್? ಅಂದ್ರೆ, ಎಷ್ಟು ಗೋಲು ಆಗಬೇಕಿತ್ತು ಅಂತ ಕಂಪ್ಯೂಟರ್ ಲೆಕ್ಕ.”

“ಆಗಿದ್ದು ಒಂದು ಕಣಪ್ಪ. ಅಷ್ಟಕ್ಕೇ ಕಪ್ ಕೊಟ್ಟು ಕಳಿಸಿದ್ರು.”

ತಕ್ಕಡಿ ಫೋನುಗಳನ್ನು ಜೇಬಿಗಿಳಿಸಿದ.

“ಆಡೋರಿಗೆ ಕೆಲಸ ಪರ್ಮನೆಂಟಾ ಸಾರ್?”

“ಮತ್ತೆ? ಕಾರ್ಖಾನೆ ಕೆಲಸ.”

“ಅಯ್ಯೋ, ಕೇನ್ ಟಾಟೆನ್‌ಹ್ಯಾಮ್ ಬದಲು ಇಲ್ಲಿ ಸೇರಿದ್ರೆ ಕಪ್ಪೂ ಸಿಗ್ತಿತ್ತು, ಪಿಎಫ್ಫೂ ಬರ್ತಿತ್ತು!”

“ಹಾಲಂಡು?” ಅಂದ ಸಿಟಿ ಹುಡುಗ.

“ಅವನಾ? ಪ್ರಮೋಷನ್‌ಗೆ ಕಾಯೋ ಗಿರಾಕಿನೇ ಅಲ್ಲ ಬಿಡು.”