ಡಾಲಸ್ಸಿನ ದೇವದುರ್ಗದವರು

ಡಾಲಸ್ಸಿನಲ್ಲಿ ಕನ್ನಡಿಗರು ಯುಗಾದಿಗೋ ರಾಜ್ಯೋತ್ಸವಕ್ಕೋ ಸೇರಿದ ಕಡೆ ಹೋಗಿ ನೋಡಿ, ಊಟದ ಸಾಲಿನಲ್ಲಿ ಈ ಜೋಡಿ ಸಿಕ್ಕೇ ಸಿಗುತ್ತದೆ. ಗಂಡನದು ಸಾಫ್ಟ್‌ವೇರ್ ಕೆಲಸ, ಹೆಂಡತಿಯದೂ ಅದೇ. ಮುಂದೆ ನಿಂತ ಮೈಸೂರಿನವರು ತಿರುಗಿ ಕೇಳುತ್ತಾರೆ:

"ಬೆಂಗಳೂರಲ್ಲಿ ಯಾವ ಕಡೆ?"

"ಬೆಂಗಳೂರಲ್ರೀ, ದೇವದುರ್ಗ."

"ಚಿತ್ರದುರ್ಗದ ಹತ್ರಾನಾ?"

"ಅಲ್ರೀ, ರಾಯಚೂರು ಜಿಲ್ಲಾ."

"ಓ, ಆಂಧ್ರ!"

ಗಂಡನ ಕಿವಿ ಕೆಂಪಾಗುತ್ತದೆ. ಹೆಂಡತಿ ಆತನ ಮೊಣಕೈ ಹಿಡಿದು ಮುಂದಕ್ಕೆ ದೂಡುತ್ತಾಳೆ. ಬಿಟ್ಟರೆ ಆತ 1948ರ ಹೈದರಾಬಾದ್ ವಿಮೋಚನೆಯಿಂದ ಹಿಡಿದು, 1956ರ ಏಕೀಕರಣ ದಾಟಿ, ಸಂವಿಧಾನದ 371(ಜೆ) ಕಲಮಿಗೆ ಬರುವಷ್ಟರಲ್ಲಿ ಹೋಳಿಗೆ ಮುಗಿದಿರುತ್ತದೆಂಬುದು ಆಕೆಗೆ ಗೊತ್ತು. 2018ರಲ್ಲಿ ಅಮೆರಿಕದ ಕನ್ನಡ ಕೂಟಗಳ ಒಕ್ಕೂಟ 'ಅಕ್ಕ'ದ ವಿಶ್ವ ಕನ್ನಡ ಸಮ್ಮೇಳನ ಇದೇ ಡಾಲಸ್ಸಿಗೆ ಬಂದು ಹೋಯಿತು. ರಾಯಚೂರು ಮಾತ್ರ ಹಲವರ ಬಾಯಲ್ಲಿ ಇನ್ನೂ ಆಂಧ್ರದಲ್ಲೇ ಇದೆ.

ತಮಾಷೆಯೆಂದರೆ, ಇಷ್ಟು ದೂರ ಬಂದರೂ ಇವರಿಗೆ ಊರು ಬದಲಾದಂತೆ ಅನ್ನಿಸಿಲ್ಲ. ಟೆಕ್ಸಸ್ಸಿನಲ್ಲಿ ಬಿಸಿಲು ಹಾಗೇ ಬಡಿಯುತ್ತದೆ. ಹತ್ತಿಯಂತೂ ಅಮೆರಿಕದಲ್ಲೇ ಅತಿ ಹೆಚ್ಚು ಬೆಳೆಯುವುದು ಇಲ್ಲಿ. "ಇವತ್ತು ನೂರಾಹತ್ತು ಡಿಗ್ರಿ ಅವ್ವಾ" ಎಂದು ಗಂಡ ಫೋನಿನಲ್ಲಿ ಹೇಳಿದಾಗ ದೇವದುರ್ಗದಲ್ಲಿ ಅವ್ವ ಎದೆ ಹಿಡಿದುಕೊಂಡು ಕೂತಳು. ಅದು ಫ್ಯಾರನ್‌ಹೀಟ್ ಲೆಕ್ಕ, ನಮ್ಮ ಲೆಕ್ಕಕ್ಕೆ ನಲವತ್ಮೂರು ಎಂದು ತಿಳಿದಾಗ, "ಇಷ್ಟೇನಾ? ಇಲ್ಲೂ ಅಷ್ಟೇ ಐತಿ" ಎಂದು ಎದ್ದು ಶೇಂಗಾ ಹುರಿಯಲು ಹೋದಳು.

ಜೋಳದ ಕಥೆ ಇನ್ನೂ ಮಜವಾಗಿದೆ. ಕಾನ್ಸಸ್ ಬಿಟ್ಟರೆ ಅಮೆರಿಕದಲ್ಲಿ ಹೆಚ್ಚು ಜೋಳ ಬೆಳೆಯುವ ರಾಜ್ಯ ಟೆಕ್ಸಸ್ಸೇ. ಆದರೆ ಅದರ ಬಹುಪಾಲು ಹೋಗುವುದು ದನಗಳ ಬಾಯಿಗೆ, ಎಥನಾಲ್ ಕಾರ್ಖಾನೆಗೆ, ಚೀನಾದ ಹಡಗಿಗೆ. ಹೆದ್ದಾರಿಯ ಎರಡೂ ಬದಿ ಜೋಳದ ಹೊಲ ನೋಡುತ್ತಾ ಕಾರು ಓಡಿಸಿ, ಇಂಡಿಯನ್ ಸ್ಟೋರಿಗೆ ಹೋಗಿ, ಸಮುದ್ರ ದಾಟಿ ಬಂದ ಜೋಳದ ಹಿಟ್ಟಿನ ಪ್ಯಾಕೆಟ್ಟಿಗೆ ಡಾಲರ್ ತೆತ್ತು ತರುವುದು ಈ ದಂಪತಿಯ ಶನಿವಾರದ ಕಾರ್ಯಕ್ರಮ. "ನಮ್ಮ ಹೊಲದಾಗ ದನ ಹೊಕ್ಕರ ಪಂಚಾಯ್ತಿ ಕೂಡತಿತ್ತು. ಇಲ್ಲಿ ದನಕ್ಕಂತಾನ ಬಿತ್ತಾರ ನೋಡ್ರಿ" ಎನ್ನುವುದು ಹೆಂಡತಿಯ ಪ್ರತಿವಾರದ ಮಾತು.

ಭಾನುವಾರ ರೊಟ್ಟಿ. ಮರದ ನೆಲದ ಅಪಾರ್ಟ್‌ಮೆಂಟಿನಲ್ಲಿ ಆಕೆ ರೊಟ್ಟಿ ಬಡಿಯಲು ಕೂತರೆ ಕೆಳಗಿನ ಮನೆಯವನು ಮೇಲೆ ಬಂದು, ಏನು ರಿಪೇರಿ ನಡೆದಿದೆ ಎಂದು ವಿನಯದಿಂದ ವಿಚಾರಿಸುತ್ತಾನೆ. ಎರಡನೇ ರೊಟ್ಟಿ ಹಂಚಿನ ಮೇಲೆ ಉಬ್ಬುವ ಹೊತ್ತಿಗೆ ಹೊಗೆಯ ಅಲಾರಂ ಕಿರುಚತೊಡಗುತ್ತದೆ. ಆಗ ಗಂಡನ ಡ್ಯೂಟಿ ಶುರು: ಕುರ್ಚಿಯ ಮೇಲೆ ನಿಂತು, ಎರಡೂ ಕೈಯಲ್ಲಿ ಟವೆಲ್ ಹಿಡಿದು, ಕಡೆಯ ರೊಟ್ಟಿ ಇಳಿಯುವವರೆಗೂ ಛಾವಣಿಗೆ ಗಾಳಿ ಬೀಸುತ್ತಿರಬೇಕು. ಪುಂಡಿಪಲ್ಯದ ಒಗ್ಗರಣೆಗೆ ಕಿಟಕಿಯನ್ನೂ ತೆರೆಯಬೇಕು.

ಊರಿಂದ ಹೊರಡುವ ಹಿಂದಿನ ದಿನ ಸೂಟ್‌ಕೇಸ್ ತೂಗುವುದು ದೇವದುರ್ಗದ ಹತ್ತಿ ಅಂಗಡಿಯ ಕಾಟಾದ ಮೇಲೆ. ವಿಮಾನದವರು ಪೆಟ್ಟಿಗೆಗೆ 23 ಕಿಲೋ ಎಂದರೆ ಅವ್ವ 27 ತುಂಬಿರುತ್ತಾಳೆ. ಶೇಂಗಾ ಹಿಂಡಿ, ಗುರೆಳ್ಳು ಹಿಂಡಿ, ಖಡಕ್ ರೊಟ್ಟಿ, ಜೊತೆಗೆ ಹಳೆಯ ಇಳಕಲ್ ಸೀರೆಗಳನ್ನು ಒಳಗಿಟ್ಟು ಹೊಲಿದ ಒಂದು ಕೌದಿ. "ಅವ್ವಾ, ಅಲ್ಲಿ ಹೀಟರ್ ಐತಿ, ಕೌದಿ ಯಾಕ?" ಎಂದು ಮಗ ಸಿಡುಕುತ್ತಾನೆ. "ಥಂಡಿ ದೇಶ ಅಂತಾರಪ್ಪಾ, ಇರ್ಲಿ" ಎಂದು ಅವ್ವ. ಸೊಸೆ ತನ್ನ ಎರಡು ಸೀರೆ ಹೊರತೆಗೆದು ಕೌದಿಗೆ ಜಾಗ ಮಾಡುತ್ತಾಳೆ, ಹೈದರಾಬಾದಿನ ಶಂಷಾಬಾದ್ ವಿಮಾನ ನಿಲ್ದಾಣದವರೆಗೂ ಗಂಡನ ಜೊತೆ ಮಾತು ಬಿಡುತ್ತಾಳೆ.

2021ರ ಫೆಬ್ರುವರಿಯ ಹಿಮಗಾಳಿಗೆ ಟೆಕ್ಸಸ್ಸಿನ 45 ಲಕ್ಷಕ್ಕೂ ಹೆಚ್ಚು ಮನೆ, ಅಂಗಡಿಗಳ ಕರೆಂಟ್ ಹೋಯಿತು. ನೆರೆಹೊರೆಯವರು ಕಂಗಾಲಾದರೆ ಇವರ ಮುಖದಲ್ಲಿ ಅನುಭವಸ್ಥರ ಕಳೆ. ಶಕ್ತಿನಗರದಲ್ಲಿ ಶಾಖೋತ್ಪನ್ನ ವಿದ್ಯುತ್ ಸ್ಥಾವರ ಇದ್ದ ಜಿಲ್ಲೆಯಲ್ಲೇ ಲೋಡ್ ಶೆಡ್ಡಿಂಗ್‌ನಲ್ಲಿ ಕಂದೀಲು ಹಚ್ಚಿ ಎಸ್ಸೆಸ್ಸೆಲ್ಸಿ ಓದಿದವರಿಗೆ ಕತ್ತಲು ಯಾವ ಲೆಕ್ಕ? ಮೊದಲ ರಾತ್ರಿ ಗಂಡ ಮೇಣದಬತ್ತಿ ಹಚ್ಚಿ ನೆರೆಯವರಿಗೆ ಧೈರ್ಯ ಹೇಳಿ ಬಂದ. ಎರಡನೆಯ ರಾತ್ರಿ ನಲ್ಲಿಯ ನೀರೂ ಹೆಪ್ಪುಗಟ್ಟಿತು. ಇಬ್ಬರೂ ಒಂದೇ ಕೌದಿಯೊಳಗೆ ಹೊಕ್ಕರು. "ಹೀಟರ್ ಐತಲ್ರೀ?" ಎಂದು ಒಳಗಿನಿಂದ ಹೆಂಡತಿಯ ದನಿ ಬಂತು. ಗಂಡ ನಿದ್ದೆ ಬಂದವನಂತೆ ಮಲಗಿದ.

ಜಗಳಗಳಿಗೇನೂ ಬರವಿಲ್ಲ. ಬಿ.ಇ. ಮಾಡಿದ ಆಕೆ ಸಂಗಾತಿಗೆ ಕೊಡುವ ಎಚ್-4 ವೀಸಾದ ಮೇಲೆ ಬಂದು ಮನೆಯಲ್ಲಿ ಕೂತವಳು. 2015ರ ಮೇ ತಿಂಗಳಲ್ಲಿ ಅಂಥವರಲ್ಲಿ ಕೆಲವರಿಗೆ ದುಡಿಯುವ ಅನುಮತಿ ಸಿಗತೊಡಗಿದ ಮೇಲೂ, ಗಂಡನ ಗ್ರೀನ್‌ಕಾರ್ಡ್ ಅರ್ಜಿ ಒಂದು ಹಂತ ದಾಟುವವರೆಗೆ ಕಾಯಬೇಕಾಯಿತು. ಆ ಕಾಲದಲ್ಲಿ ಗಂಡ ಕಾರು ಕಲಿಸಿದ. ಪಾಠ ಮುಗಿಯುವಷ್ಟರಲ್ಲಿ ಆತನ ಗಂಟಲು ಕೂತಿತ್ತು, ಆಕೆ ಮೊದಲ ಸಲಕ್ಕೇ ಪಾಸಾಗಿದ್ದಳು. ಈಗ ಕೆಲಸ ಇಬ್ಬರಿಗೂ ಇದೆ, ಪಾತ್ರೆ ಗಂಡನಿಗಿದೆ. ವಿಡಿಯೋ ಕರೆಯಲ್ಲಿ ಅವ್ವನ ಮುಖ ಮೂಡಿದ ಕೂಡಲೇ ಆತನ ಕೈಯ ಸ್ಪಂಜು ಬೆನ್ನ ಹಿಂದೆ ಹೋಗುತ್ತದೆ. ತೋಳಿನ ಮೇಲಿನ ನೊರೆ ಮಾತ್ರ ಅವ್ವನಿಗೆ ಕಾಣುತ್ತದೆ. ಆಕೆ ಅದನ್ನು ಬಾಯಿಬಿಟ್ಟು ಹೇಳುವುದಿಲ್ಲ.

ರಜೆಗೆ ದೇವದುರ್ಗಕ್ಕೆ ಬಂದಾಗ ಕಟ್ಟೆಯ ಹಿರಿಯರು ಸುತ್ತ ಕೂರುತ್ತಾರೆ. "ತಮ್ಮಾ, ಅಲ್ಲಿ ಏನ್ ಬೆಳೀತಾರ?" ಹತ್ತಿ, ಜೋಳ. "ಬಿಸಲು?" ಇಲ್ಲಿಯಂಗ. "ಕರೆಂಟು?" ಅದೂ ಹೋಗಿತ್ತು. ಹಿರಿಯರೊಬ್ಬರು ಬೀಡಿ ಆರಿಸಿ ಕೇಳುತ್ತಾರೆ: "ಮತ್ತ ಅಷ್ಟು ದೂರ ಯಾಕ ಹೋದ್ಯೋ? ನಾರಾಯಣಪುರ ಬಲದಂಡೆ ಕಾಲುವಿ ನೀರು ಇಲ್ಲೇ ಬಂದೈತಿ." ಗಂಡ ಹೆಂಡತಿಯ ಕಡೆ ನೋಡುತ್ತಾನೆ, ಹೆಂಡತಿ ರಸ್ತೆಯ ಕಡೆ ನೋಡುತ್ತಾಳೆ.

ಈ ಜೋಡಿ ನಿಮ್ಮ ಓಣಿಗೂ ಬಂದೀತು. ಪಗಾರ ಎಷ್ಟು, ಎಕರೆಗೆ ಎಷ್ಟು ಎಂದು ಕೇಳಲು ಅವಸರ ಮಾಡಬೇಡಿ. ಬಿಸಿ ರೊಟ್ಟಿ, ಪುಂಡಿಪಲ್ಯ ಮುಂದಿಡಿ, ಎರಡನೇ ರೊಟ್ಟಿಗೆ ಅವರೇ ಎಲ್ಲ ಹೇಳುತ್ತಾರೆ.